ಮಳೆಗಾಲದ ದಾರಿ, ಲಾರಿಯ ಸರಪಣಿ

ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲ ಬಂತೆಂದರೆ ಭಾರದ ಲಾರಿಗಳ ಗಾಲಿಗೆ ಕಬ್ಬಿಣದ ಸರಪಣಿ ತೊಡಿಸುತ್ತಾರೆ. ನೀವು ಇದನ್ನು ಕೇಳಿರಬಹುದು, ಚಿತ್ರದಲ್ಲಿ ನೋಡಿಯೂ ಇರಬಹುದು. ಪುತ್ತೂರು, ಸುಳ್ಯ, ಕಡಬದ ಕಡೆಯ ನಮಗೆ ಅದರಿಂದ ಆಗಬೇಕಾದ್ದೇನು ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ನಮ್ಮಲ್ಲಿ ಹಿಮ ಬಿದ್ದದ್ದನ್ನು ಕಂಡವರಿಲ್ಲ. ನಮ್ಮ ಚಳಿಗಾಲವೆಂದರೆ ಬೆಳಗಿನ ಇಬ್ಬನಿ, ಹಗಲಿನ ಎಳೆಬಿಸಿಲು, ಅಂಗಳದಲ್ಲಿ ಒಣಗುವ ಅಡಿಕೆ, ರಾತ್ರಿಯ ಜಾತ್ರೆ ಮತ್ತು ಬಯಲಾಟ. ಲಾರಿಗಳ ಪಾಲಿಗೆ ಅದು ವರ್ಷದಲ್ಲೇ ಸುಖದ ಕಾಲ. ದಾರಿ ಒಣಗಿ ಗಟ್ಟಿಯಾಗಿರುತ್ತದೆ. ಧೂಳಿನ ತೊಂದರೆಯೊಂದನ್ನು ಬಿಟ್ಟರೆ ಯಾವ ಗುಡ್ಡೆಯ ಮನೆಗಾದರೂ ಲಾರಿ ಹತ್ತಿ ಹೋಗುತ್ತದೆ.

ಆದರೆ ಹಿಮದ ನಾಡಿನಲ್ಲಿ ಚಳಿಗಾಲ ಮಾಡುವ ಕೆಲಸವನ್ನು ನಮ್ಮಲ್ಲಿ ಮಳೆಗಾಲ ಮಾಡುತ್ತದೆ. ಈ ಮೂರು ತಾಲೂಕುಗಳಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 4000 ಮಿಲಿಮೀಟರು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೇ ಸುರಿದುಬಿಡುತ್ತದೆ. ರಾಷ್ಟ್ರೀಯ ಹೆದ್ದಾರಿ 75 ನೆಲ್ಯಾಡಿ, ಗುಂಡ್ಯದ ಮೇಲೆ ಶಿರಾಡಿ ಘಾಟಿಗೆ ಹೋಗುತ್ತದೆ. ಹೆದ್ದಾರಿ 275 ಪುತ್ತೂರು, ಸುಳ್ಯ, ಸಂಪಾಜೆಯ ಮೇಲೆ ಮಡಿಕೇರಿಗೆ ಏರುತ್ತದೆ. ಇವೆರಡೂ ಡಾಮರು ಕಂಡ ದೊಡ್ಡ ದಾರಿಗಳು. ಅವುಗಳಿಂದ ಕವಲೊಡೆದು ತೋಟಗಳಿಗೆ, ಗುಡ್ಡೆಯ ಮನೆಗಳಿಗೆ, ರಬ್ಬರಿನ ಪ್ಲಾಂಟೇಶನ್ನುಗಳಿಗೆ ಹೋಗುವ ದಾರಿಗಳಿವೆಯಲ್ಲ, ಅವುಗಳ ಕತೆ ಬೇರೆ. ಎಷ್ಟೋ ಕಡೆ ಚಡಾವಿನಲ್ಲಿ ನೂರು ಮಾರು ಕಾಂಕ್ರೀಟು, ಮುಂದೆ ಇನ್ನೂರು ಮಾರು ಕೆಂಪು ಮಣ್ಣು. ಆಟಿ ತಿಂಗಳಲ್ಲಿ ಆ ಮಣ್ಣಿನ ಮೇಲೆ ಬರಿಗಾಲಿನ ಮನುಷ್ಯನೂ ಹೆಬ್ಬೆರಳು ಊರಿಕೊಂಡೇ ನಡೆಯಬೇಕು. ಹತ್ತು ಟನ್ ಹೊತ್ತ ಲಾರಿಗೆ ಊರುವುದಕ್ಕೆ ಹೆಬ್ಬೆರಳಿಲ್ಲ. ಸರಪಣಿಯ ವಿಚಾರ ನಮಗೂ ಬೇಕಾಗುವುದು ಇಲ್ಲಿಯೇ.

ಈ ಸರಪಣಿ ಹುಟ್ಟಿದ್ದೂ ಹಿಮಕ್ಕಾಗಿ ಮಾತ್ರವಲ್ಲ. ಮೋಟಾರು ಬಂದ ಮೊದಲ ದಿನಗಳಲ್ಲಿ ಅಮೆರಿಕದಲ್ಲಿ ಊರ ಹೊರಗಿನ ದಾರಿಗಳೆಲ್ಲ ಮಣ್ಣಿನವು. ಕೆಸರಿನಲ್ಲಿ ಸಿಕ್ಕಿಕೊಂಡ ಸವಾರರು ಗಾಲಿಗೆ ಹಗ್ಗವನ್ನೋ ಬಳ್ಳಿಯನ್ನೋ ಸುತ್ತಿ ಹೇಗೋ ಪಾರಾಗುತ್ತಿದ್ದರಂತೆ. ಅದನ್ನು ನೋಡಿಯೇ ನ್ಯೂಯಾರ್ಕ್ ಸಂಸ್ಥಾನದ ಹ್ಯಾರಿ ವೀಡ್ ಎಂಬಾತನಿಗೆ ಹಗ್ಗದ ಬದಲು ಸರಪಣಿಯ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. 1904ರಲ್ಲಿ ಅವನಿಗೆ ಅದರ ಹಕ್ಕುಪತ್ರ ಸಿಕ್ಕಿತು. ಅಂದಿನಿಂದ ಇಂದಿನವರೆಗೆ ಅದರ ರೂಪ ಹೆಚ್ಚೇನೂ ಬದಲಾಗಿಲ್ಲ. ಗಾಲಿಯ ಒಳಮಗ್ಗುಲಿಗೆ ಒಂದು, ಹೊರಮಗ್ಗುಲಿಗೆ ಒಂದು ಉದ್ದನೆಯ ಸರಪಣಿ. ಇವೆರಡನ್ನೂ ಜೋಡಿಸುವಂತೆ ಟಯರಿನ ಮೈಮೇಲೆ ಅಡ್ಡಲಾಗಿ ಹಾಯುವ ಗಿಡ್ಡ ಸರಪಣಿಗಳು. ಬಿಚ್ಚಿ ನೆಲದ ಮೇಲೆ ಹಾಸಿದರೆ ಏಣಿಯನ್ನು ಮಲಗಿಸಿದಂತೆ ಕಾಣುತ್ತದೆ.

ನಮ್ಮ ಕಡೆಗೂ ಇದು ಹೊಸದಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯದವರು ಮಾರಿದ ಲಾರಿಗಳೂ ಜೀಪುಗಳೂ ಪಶ್ಚಿಮ ಘಟ್ಟದ ಮರದ ಕೂಪುಗಳಿಗೆ, ತೋಟಗಳಿಗೆ ಬಂದವು. ಮಳೆಗಾಲದಲ್ಲಿ ಗಾಲಿಗೆ ಚೈನು ಬಿಗಿದುಕೊಂಡು ಕೆಸರನ್ನು ಉಗುಳುತ್ತಾ ಏರುವ ಜೀಪು ಮಲೆನಾಡಿನವರಿಗೂ ಸುಳ್ಯದ ಮೂಡಣ ಹಳ್ಳಿಗಳವರಿಗೂ ಪರಿಚಯದ ನೋಟವೇ. ಜೀಪಿನ ಮಟ್ಟಿಗೆ ಈ ವಿದ್ಯೆ ನಮ್ಮಲ್ಲಿ ಉಳಿದುಬಂದಿದೆ. ಭಾರದ ಲಾರಿಯ ಮಟ್ಟಿಗೆ ಮಾತ್ರ ಅದು ಅರ್ಧಮರ್ಧ. ಲಾರಿ ದೊಡ್ಡದು, ಎಂಜಿನು ಬಲವಾದದ್ದು, ಹೇಗೂ ಹತ್ತೀತು ಎಂಬ ನಂಬಿಕೆ. ಆ ನಂಬಿಕೆ ಎಷ್ಟು ಸರಿ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

2018ರಲ್ಲಿ ಕೇಂದ್ರ ಸರಕಾರ ಭಾರದ ನಿಯಮವನ್ನು ಸಡಿಲಿಸಿದ ಮೇಲೆ, ನಾಲ್ಕು ಟಯರುಗಳ ಹಿಂದಿನ ಅಚ್ಚಿನ ಮೇಲೆ 11.5 ಟನ್ ಭಾರ ಹಾಕುವುದಕ್ಕೆ ಅವಕಾಶವಿದೆ. ಎರಡು ಅಚ್ಚಿನ ತುಂಬಿದ ಲಾರಿಯೊಂದರ ಒಟ್ಟು ತೂಕ 18.5 ಟನ್ ಎಂದಿಟ್ಟುಕೊಳ್ಳಿ. ಹತ್ತು ಅಡಿ ನಡೆದರೆ ಒಂದು ಅಡಿ ಏರುವ ಚಡಾವು ಎದುರಿಗಿದೆ. ನಮ್ಮ ತೋಟದ ದಾರಿಗಳಲ್ಲಿ ಇದು ಸಾಧಾರಣ ಏರು. ಲಾರಿಯನ್ನು ಅಲ್ಲಿ ಮೇಲಕ್ಕೆ ತಳ್ಳುವುದಕ್ಕೆ ಅದರ ತೂಕದ ಹತ್ತನೆಯ ಒಂದು ಪಾಲು, ಎಂದರೆ 1.85 ಟನ್ನಿನಷ್ಟು ಬಲ ಬೇಕು. ಮೆತ್ತಗಿನ ಕೆಸರು ಗಾಲಿಯನ್ನು ಹಿಡಿದೆಳೆಯುವುದಕ್ಕೆ ಹೆಚ್ಚುಕಡಿಮೆ ಇನ್ನೂ ಅಷ್ಟೇ ಸೇರಿಸಿಕೊಳ್ಳಿ. ಒಟ್ಟು 3.7 ಟನ್ ಆಯಿತು. ಎಂಜಿನಿಗೆ ಇದು ಕಷ್ಟವಲ್ಲ. ಮೊದಲನೆಯ ಗೇರಿನಲ್ಲಿ ಅದು ಇದಕ್ಕಿಂತ ಹೆಚ್ಚು ಬಲ ಕೊಡಬಲ್ಲದು. ಆದರೆ ಎಂಜಿನು ಕೊಟ್ಟದ್ದನ್ನು ನೆಲಕ್ಕೆ ಮುಟ್ಟಿಸಬೇಕಾದದ್ದು ಹಿಂದಿನ ನಾಲ್ಕು ಟಯರು. ಅವುಗಳ ಹಿಡಿತ ಎಷ್ಟು? ಒದ್ದೆ ಡಾಮರಿನ ಮೇಲೆ, ಹೊತ್ತ ಭಾರದ ಅರ್ಧದಷ್ಟು ಸಿಕ್ಕೀತು. ಎಂದರೆ 5.75 ಟನ್, ಬೇಕಾದ್ದಕ್ಕಿಂತ ಹೆಚ್ಚೇ ಆಯಿತು. ಒದ್ದೆ ಜೇಡಿಯ ಮೇಲೆ ಐದನೆಯ ಒಂದು ಪಾಲು ಸಿಕ್ಕಿದರೆ ದೊಡ್ಡದು. ಅದು 2.3 ಟನ್. ಬೇಕಾದ್ದು 3.7, ಸಿಕ್ಕಿದ್ದು 2.3. ಗಾಲಿ ಅಲ್ಲಿಯೇ ಗಿರ್ರನೆ ತಿರುಗುತ್ತದೆ, ಲಾರಿ ಏಳುವುದಿಲ್ಲ. ಇನ್ನೂ ದೊಡ್ಡ ಎಂಜಿನಿನ ಲಾರಿ ತಂದರೆ ಗಾಲಿ ಇನ್ನೂ ಜೋರಾಗಿ ತಿರುಗೀತು, ಅಷ್ಟೆ.

ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿಯಲ್ಲಿ ಓಡುವ ರೈಲಿಗೂ ಈ ಕಷ್ಟ ತಪ್ಪಿದ್ದಲ್ಲ. 1979ರಲ್ಲಿ ಮುಗಿದ ಮಂಗಳೂರು-ಹಾಸನ ರೈಲುಮಾರ್ಗ ನಮ್ಮ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಸಕಲೇಶಪುರಕ್ಕೆ ಏರುವಾಗ, ಐವತ್ತು ಅಡಿಗೆ ಒಂದು ಅಡಿಯ ಏರಿದೆ. ನಮ್ಮ ತೋಟದ ಚಡಾವಿನ ಎದುರು ಇದು ಏನೇನೂ ಅಲ್ಲ. ಆದರೂ ಹಳಿ ಒದ್ದೆಯಾಗಿ ಗಾಲಿ ಜಾರಿದರೆ ಎಂಜಿನು ಹಳಿಯ ಮೇಲೆ ಮರಳು ಉದುರಿಸಿಕೊಂಡು ಹೋಗುವ ಏರ್ಪಾಡನ್ನು ಮಾಡಿದ್ದಾರೆ. ಲಾರಿ ಜಾರಿದಾಗ ನಾವು ಮಾಡುವುದೂ ಇದನ್ನೇ. ಸಿಕ್ಕಿದ ಸೊಪ್ಪು, ತೆಂಗಿನ ಮಡಲು, ಅಡಿಕೆಯ ಸಲಿಕೆ, ಜಲ್ಲಿಕಲ್ಲು ಎಲ್ಲವನ್ನೂ ಗಾಲಿಯ ಅಡಿಗೆ ತುಂಬುತ್ತೇವೆ. ಅದರಿಂದ ಒಂದು ಮಾರು ಮುಂದೆ ಹೋದೀತು. ಆಮೇಲೆ ಮತ್ತೆ ಅದೇ ಪಾಡು.

ಈ ಹೊತ್ತಿನಲ್ಲಿ ಲಾರಿಯ ಹಿಂದೆ ಯಾರಿದ್ದಾರೆ ಎಂಬುದನ್ನು ನೋಡಬೇಕು. ಡ್ರೈವರು ಮೇಲೆ ಕೂತಿದ್ದಾನೆ. ತೋಟದ ಯಜಮಾನರು ಕೊಡೆ ಹಿಡಿದು ದರೆಯ ಮೇಲೆ ನಿಂತಿದ್ದಾರೆ. ಕ್ಲೀನರು ಎನ್ನುವ ಹುಡುಗ ಎರಡು ಕೈಯಲ್ಲಿ ಕಲ್ಲು ಹಿಡಿದುಕೊಂಡು ಹಿಂದಿನ ಗಾಲಿಯ ಮಗ್ಗುಲಲ್ಲೇ ಬಗ್ಗಿ ನಡೆಯುತ್ತಿದ್ದಾನೆ. ಲಾರಿ ಒಂದು ಮೊಳ ಏರಿ ನಿಂತಾಗ, ಅದು ಹಿಂದಕ್ಕೆ ಜಾರುವ ಮುಂಚೆ, ಅವನು ಗಾಲಿಗೆ ಕಲ್ಲು ಕೊಡಬೇಕು. ಅವನ ಕಾಲಿನ ಕೆಳಗಿರುವುದೂ ಅದೇ ಕೆಸರು. ಲಾರಿಯ ಗಾಲಿ ಹಿಡಿಯದ ನೆಲ ಅವನ ಪಾದವನ್ನು ಹಿಡಿದೀತೆಂದು ನಂಬುವುದು ಹೇಗೆ? ಕಲ್ಲು ಜಾರಿದರೆ, ಅಥವಾ ಅವನೇ ಜಾರಿದರೆ, ಹದಿನೆಂಟು ಟನ್ ಭಾರ ಬರುವುದು ಅವನ ಕಡೆಗೆ. ಸರಪಣಿ ಇಲ್ಲದೆ ಚಡಾವು ಹತ್ತಿಸಿದ ಶೌರ್ಯವನ್ನು ಹೇಳಿಕೊಳ್ಳುವವರು ಆ ಹುಡುಗನ ಕೈಗಳನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಗಾಲಿಗೆ ಸರಪಣಿ ಬೇಕೆನ್ನುವುದಕ್ಕೆ ನನ್ನ ಮಟ್ಟಿಗೆ ಇದೊಂದೇ ಕಾರಣ ಸಾಕು.

ಸರಪಣಿ ಏನು ಮಾಡುತ್ತದೆ? ಟಯರಿನ ಮೈಯಲ್ಲಿ ಗೆರೆಗಳಿರುವುದು ನೆಲವನ್ನು ಹಿಡಿಯುವುದಕ್ಕೆ. ಜೇಡಿ ಆ ಗೆರೆಗಳ ಒಳಗೆ ಮೆತ್ತಿಕೊಂಡು, ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಟಯರು ಕುಂಬಾರನ ಮಡಕೆಯಂತೆ ನುಣುಪಾಗುತ್ತದೆ. ರಬ್ಬರಿನ ಹಾಲು ಇಳಿಸುವುದು ಇದೇ ಗುಡ್ಡೆಗಳಲ್ಲಿ, ಆ ರಬ್ಬರಿನ ಟಯರು ಜಾರುವುದೂ ಇದೇ ಗುಡ್ಡೆಗಳಲ್ಲಿ. ಸರಪಣಿಯ ಅಡ್ಡಕೊಂಡಿಗಳು ಮೇಲಿನ ಮೆತ್ತನೆಯ ಪದರವನ್ನು ಕಡಿದು ಕೆಳಗಿನ ಗಟ್ಟಿ ಮಣ್ಣನ್ನು ಕಚ್ಚುತ್ತವೆ. ತಿರುಗುವಾಗ ಅವು ಅಲುಗಾಡಿ, ಗೆರೆಗಳಲ್ಲಿ ಮೆತ್ತಿಕೊಂಡ ಕೆಸರನ್ನೂ ಉದುರಿಸುತ್ತವೆ. ಈಗಿನ ಲೆಕ್ಕದಲ್ಲಿ 2.3 ಟನ್ ಇದ್ದ ಹಿಡಿತ ಸರಪಣಿಯಿಂದ ಇಮ್ಮಡಿಯಾದರೆ 4.6 ಆಯಿತು, ಲಾರಿ ಏರುತ್ತದೆ, ಹುಡುಗನ ಕಲ್ಲಿಗೆ ಕೆಲಸವಿಲ್ಲ.

ಇದನ್ನು ಯಾವಾಗ ತೊಡಿಸಬೇಕು ಎಂಬುದು ಎಲ್ಲಕ್ಕಿಂತ ಮುಖ್ಯ. ನಮ್ಮ ಅಡಿಕೆ ಮರ ಹತ್ತುವವರನ್ನು ನೋಡಿ. ಮಳೆಯ ನಡುವೆ ಎರಡು ದಿನ ಹೊಳವಾದರೆ ಕೊಳೆರೋಗದ ಮದ್ದು ಬಿಡುವುದಕ್ಕೆ ಅವರು ಮರ ಹತ್ತಬೇಕು. ಆಗ ಮರದ ಮೈ ಪಾಚಿಗಟ್ಟಿ ಎಣ್ಣೆ ಹಚ್ಚಿದಂತಿರುತ್ತದೆ. ಅವರು ಕಾಲಿಗೆ ತಳೆ ಎಂಬ ಹಗ್ಗದ ಬಳೆಯನ್ನು ಸಿಕ್ಕಿಸಿಕೊಳ್ಳುತ್ತಾರೆ. ಅದು ಎರಡೂ ಪಾದಗಳನ್ನು ಮರಕ್ಕೆ ಒತ್ತಿ ಹಿಡಿಯುತ್ತದೆ. ತಳೆಯನ್ನು ಹಾಕಿಕೊಳ್ಳುವುದು ನೆಲದ ಮೇಲೆ ನಿಂತಿರುವಾಗ. ಅರ್ಧ ಮರ ಹತ್ತಿ, ಕಾಲು ಜಾರುತ್ತಿದೆಯಲ್ಲ ಎಂದುಕೊಂಡು ಅಲ್ಲಿ ತಳೆ ಹುಡುಕುವವರು ಯಾರೂ ಇಲ್ಲ. ಲಾರಿಯ ಸರಪಣಿಯೂ ಹೀಗೆಯೇ. ಅದನ್ನು ಚಡಾವಿನ ಬುಡದಲ್ಲಿ, ಸಮತಟ್ಟಾದ ಗಟ್ಟಿ ನೆಲದಲ್ಲಿ ತೊಡಿಸಬೇಕು. ಚಡಾವಿನ ನಡುವೆ ಸಿಕ್ಕಿಬಿದ್ದ ಮೇಲೆ, ಗಾಲಿ ಅಚ್ಚಿನವರೆಗೆ ಹೂತ ಮೇಲೆ, ಆ ಲಾರಿಯ ಅಡಿಗೆ ಮೈಯನ್ನು ತೂರಿಸಿ ಸರಪಣಿ ಬಿಗಿಯುವುದು ಜೀವವನ್ನು ಒತ್ತೆಯಿಟ್ಟ ಕೆಲಸ.

ಹಿಮದ ನಾಡಿನವರು ಈ ಮಾತನ್ನು ಕಾನೂನೇ ಮಾಡಿಕೊಂಡಿದ್ದಾರೆ. ಅಮೆರಿಕದ ಕೊಲರಾಡೊ ಸಂಸ್ಥಾನದ ಬೆಟ್ಟದ ಹೆದ್ದಾರಿಯಲ್ಲಿ ಸೆಪ್ಟೆಂಬರಿನಿಂದ ಮೇ ತಿಂಗಳವರೆಗೆ, ಹಿಮ ಬೀಳಲಿ ಬೀಳದಿರಲಿ, ಭಾರದ ಲಾರಿಗಳು ಸರಪಣಿಯನ್ನು ಜೊತೆಯಲ್ಲಿಟ್ಟುಕೊಂಡೇ ಹೋಗಬೇಕು. ಏರು ಶುರುವಾಗುವ ಮುಂಚೆ ದಾರಿಯ ಪಕ್ಕದಲ್ಲಿ ಸರಪಣಿ ತೊಡಿಸುವುದಕ್ಕೆಂದೇ ಅಗಲವಾದ ಜಾಗಗಳಿವೆ. ನಮ್ಮ ದೇಶದಲ್ಲೂ ಕಾಶ್ಮೀರದ ಟಂಗ್ಮಾರ್ಗಿನಿಂದ ಗುಲ್ಮಾರ್ಗಿಗೆ ಏರುವ ದಾರಿಯಲ್ಲಿ ಹಿಮ ಬಿದ್ದಾಗ ಸರಪಣಿಯಿಲ್ಲದ ವಾಹನಗಳನ್ನು ತಡೆಯುತ್ತಾರೆ. ಗಾಲಿಯನ್ನೇ ನಂಬದೆ ಉಕ್ಕಿನ ಪಟ್ಟಿಯ ಮೇಲೆ ನಡೆಯುವ ಬಂಡಿಗಳೂ ಉಂಟಷ್ಟೆ. 1948ರ ನವೆಂಬರ್ 1ರಂದು ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ದಾರಿ ಬಿಡಿಸಿದ ದಂಡಿನ ನಾಯಕರು ಜನರಲ್ ತಿಮ್ಮಯ್ಯನವರು. ನಮ್ಮ ಸಂಪಾಜೆ ಘಾಟಿ ಹತ್ತಿದರೆ ಸಿಗುವ ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದವರು. ಟ್ಯಾಂಕಿನ ಪಟ್ಟಿ ಎಂದರೆ ಬಂಡಿ ತನ್ನ ದಾರಿಯನ್ನು ತಾನೇ ಹಾಸಿಕೊಂಡು ಹೋಗುವ ಉಪಾಯ. ಗಾಲಿಯ ಸರಪಣಿ ಅದರ ಬಡ ತಮ್ಮ ಎನ್ನಬಹುದು.

ಇನ್ನು ತೊಡಿಸುವ ಕ್ರಮ. ಇದು ಡ್ರೈವರುಗಳಿಗೆ ಹೇಳುವ ಪಾಠವೆಂದು ಕಿವಿ ಮುಚ್ಚಿಕೊಳ್ಳಬೇಡಿ. ಮನೆಯಲ್ಲಿ ಜೀಪೋ ಪಿಕಪ್ಪೋ ಇದ್ದವರಿಗೆ ನೇರವಾಗಿಯೇ ಉಪಯೋಗ; ಉಳಿದವರಿಗೆ ತಮ್ಮ ಅಂಗಳಕ್ಕೆ ಬರುವ ಲಾರಿಯನ್ನು ನೋಡಿ ತಿಳಿಯುವುದಕ್ಕೆ ಉಪಯೋಗ.

ಮೊದಲು ಲಾರಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಎಂಜಿನು ಬಂದ್ ಮಾಡಿ, ಕೈಬ್ರೇಕು ಎಳೆದು, ಮುಂದಿನ ಗಾಲಿಗಳಿಗೆ ಹಿಂದೆಯೂ ಮುಂದೆಯೂ ಕಲ್ಲು ಇಡಬೇಕು. ಸರಪಣಿಯನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ, ತಿರುಚಿಕೊಂಡಿದ್ದರೆ ಬಿಡಿಸಿ, ಸವೆದ ಕೊಂಡಿ ಇದೆಯೇ ಎಂದು ಒಂದೊಂದನ್ನೂ ಕೈಯಾಡಿಸಿ ನೋಡಬೇಕು. ಅಡ್ಡಸರಪಣಿಗಳ ಕೊಕ್ಕೆಗಳ ತುದಿ ಹೊರಮುಖವಾಗಿರಬೇಕು. ಟಯರಿನ ಕಡೆಗೆ ತಿರುಗಿದರೆ ಅವು ಟಯರನ್ನೇ ಕೊರೆಯುತ್ತವೆ. ಆಮೇಲೆ ಸರಪಣಿಯನ್ನು ಗಾಲಿಯ ತಲೆಯ ಮೇಲಿಂದ ಕಂಬಳಿ ಹೊದೆಸಿದಂತೆ ಇಳಿಬಿಟ್ಟು, ಎರಡೂ ಮಗ್ಗುಲಿಗೆ ಸಮನಾಗುವಂತೆ ಸರಿಪಡಿಸಬೇಕು. ಎಲ್ಲರೂ ದೂರ ಸರಿದ ಮೇಲೆ, ಮುಂದಿನ ಕಲ್ಲುಗಳನ್ನು ತೆಗೆದು, ಲಾರಿಯನ್ನು ಒಂದೆರಡು ಅಡಿ ಮುಂದೆ ಬಿಟ್ಟರೆ, ನೆಲಕ್ಕೆ ಸಿಕ್ಕಿದ್ದ ತುದಿಗಳು ಕೈಗೆ ಬರುತ್ತವೆ. ಮತ್ತೆ ಎಂಜಿನು ನಿಲ್ಲಿಸಿ, ಕಲ್ಲು ಕೊಟ್ಟು, ಮೊದಲು ಒಳಮಗ್ಗುಲಿನ ಕೊಕ್ಕೆ, ಆಮೇಲೆ ಹೊರಮಗ್ಗುಲಿನದು, ಈ ಕ್ರಮದಲ್ಲಿ ಬಿಗಿಯಬೇಕು. ಮಿಕ್ಕ ತುದಿಗಳು ಜೋತಾಡದಂತೆ ತಂತಿಯಿಂದ ಕಟ್ಟಬೇಕು. ಟಯರಿನ ಗಾಳಿ ಇಳಿಸಿ ಸರಪಣಿ ಹಾಕಿ ಮತ್ತೆ ಗಾಳಿ ತುಂಬುವ ಅಡ್ಡದಾರಿಯೊಂದುಂಟು. ಅದು ಸರಪಣಿಗೂ ಟಯರಿಗೂ ಕೇಡು.

ಒಂದು ಗಾಲಿಗೆ ಹಾಕಿ ಇನ್ನೊಂದನ್ನು ಬಿಡುವುದೂ ತಪ್ಪು. ಹಿಂದಿನ ಅಚ್ಚಿನ ನಡುವೆ ಡಿಫರೆನ್ಶಿಯಲ್ ಎಂಬ ಹಲ್ಲುಗಾಲಿಗಳ ಗುಂಡು ಪೆಟ್ಟಿಗೆ ಇದೆಯಲ್ಲ, ಅದು ಎರಡು ಮಗ್ಗುಲಿಗೂ ಸಮನಾದ ಎಳೆತವನ್ನೇ ಕೊಡುತ್ತದೆ. ಒಂದು ಮಗ್ಗುಲಿನ ಗಾಲಿ ಜಾರಿ ಸುಮ್ಮನೆ ತಿರುಗತೊಡಗಿದರೆ ಇನ್ನೊಂದು ಮಗ್ಗುಲಿನ ಗಾಲಿಯೂ ಕೈಚೆಲ್ಲಿ ನಿಲ್ಲುತ್ತದೆ. ಆದ್ದರಿಂದ ಬಲಕ್ಕೂ ಎಡಕ್ಕೂ ಸರಪಣಿ ಬೇಕು, ಎರಡೂ ಒಂದೇ ಅಳತೆಯವಾಗಿರಬೇಕು. ಜೋಡಿ ಟಯರಿದ್ದಲ್ಲಿ ಕಡಿಮೆಯೆಂದರೆ ಹೊರಗಿನ ಟಯರಿಗೆ. ಎರಡಕ್ಕೂ ಸೇರಿಸಿ ಹೊದೆಸುವ ಮೂರೆಳೆಯ ಸರಪಣಿ ದೊರೆತರೆ ಇನ್ನೂ ಒಳ್ಳೆಯದು. ಜೋಡಿ ಟಯರಿನ ನಡುವೆ ಸಿಕ್ಕಿದ ಕಲ್ಲನ್ನು ತೆಗೆದು ಹೊರಡಬೇಕು. ಅದು ಸಿಡಿದರೆ ಕೋವಿಯ ಗುಂಡಿನಂತೆ ಬರುತ್ತದೆ.

ಹೊರಟು ಇನ್ನೂರು ಮುನ್ನೂರು ಮಾರು ಹೋದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಬಿಗಿಯುವುದನ್ನು ಮರೆಯಬಾರದು. ಮೊದಲು ಎಷ್ಟು ಬಿಗಿದಿದ್ದರೂ ಸರಪಣಿ ಓಡಿದ ಮೇಲೆ ಸಡಿಲವಾಗಿಯೇ ಆಗುತ್ತದೆ. ಸಡಿಲ ಸರಪಣಿ ತುಂಡಾಗಿ ಬೀಸಿದರೆ ಬ್ರೇಕಿನ ಕೊಳವೆಯನ್ನೂ ಕಡಿದೀತು. ಸರಪಣಿ ತೊಟ್ಟ ಲಾರಿ ನಿಧಾನವಾಗಿಯೇ ಹೋಗಬೇಕು. ಹಿಮದ ನಾಡಿನಲ್ಲೂ ಗಂಟೆಗೆ 50 ಕಿಲೋಮೀಟರು ಮೀರಬಾರದೆನ್ನುತ್ತಾರೆ. ನಮ್ಮ ಮಣ್ಣಿನ ದಾರಿಯಲ್ಲಿ ಅದರ ಅರ್ಧವೂ ಹೆಚ್ಚೇ. ಗಾಲಿ ಒಮ್ಮೆ ಜಾರಿದರೆ ಎಂಜಿನನ್ನು ಅರಚಿಸಬಾರದು. ಗಾಲಿ ನಿಂತಲ್ಲೇ ತಿರುಗಿದರೆ ಸರಪಣಿ ಹಾರೆಯ ಹಾಗೆ ಹೊಂಡ ತೋಡುತ್ತದೆ, ಲಾರಿ ತಾನು ತೋಡಿದ ಹೊಂಡಕ್ಕೆ ತಾನೇ ಇಳಿಯುತ್ತದೆ.

ಡಾಮರು ಸಿಕ್ಕಿದ ಕೂಡಲೇ ಸರಪಣಿಯನ್ನು ಬಿಚ್ಚಬೇಕು. ಗಟ್ಟಿ ದಾರಿಯಲ್ಲಿ ಅದು ಹಿಡಿಯುವುದಿಲ್ಲ. ಕಲ್ಲಿನ ಮೇಲೆ ಕಬ್ಬಿಣದಂತೆ ಜಾರುತ್ತದೆ, ದಾರಿಯನ್ನೂ ಟಯರನ್ನೂ ಹಾಳುಮಾಡಿ ತಾನೂ ಕಡಿದುಹೋಗುತ್ತದೆ. ಸಂಪಾಜೆ, ಶಿರಾಡಿ ಘಾಟಿಗಳ ಮಳೆಗೆ ಸರಪಣಿ ಮದ್ದಲ್ಲ. ಅಲ್ಲಿ ಬೇಕಾದದ್ದು ಗೆರೆ ಸವೆಯದ ಟಯರು, ಸರಿಯಾದ ಬ್ರೇಕು, ಮಿತವಾದ ಭಾರ, ಮತ್ತು ಏರಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಡ್ರೈವರುಗಳ ಮಾತು. ಗುಡ್ಡವೇ ಕುಸಿದು ಬಂದರೆ ಯಾವ ಗಾಲಿಯೂ ಏನೂ ಮಾಡಲಾರದು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡಿನ ಬಳಿ ಬೆಟ್ಟ ಜಾರಿ ಸುಳ್ಯ-ಮಡಿಕೇರಿ ದಾರಿಯೇ ಕಡಿದುಹೋದದ್ದು, 2022ರ ಆಗಸ್ಟಿನಲ್ಲಿ ಕೊಲ್ಲಮೊಗ್ರು, ಕಲ್ಮಕಾರು, ಹರಿಹರ ಪಲ್ಲತ್ತಡ್ಕದ ಕಡೆ ಹೊಳೆ ಉಕ್ಕಿ ಬಂದದ್ದು ನಿಮಗೆಲ್ಲ ನೆನಪಿದೆ. ಮಳೆ ಬಲವಾದಾಗ ಘಾಟಿಗಳಲ್ಲಿ ಭಾರದ ಲಾರಿಗಳನ್ನು ಜಿಲ್ಲಾಧಿಕಾರಿಗಳು ತಡೆಯುವುದುಂಟು. ಆಗ ಅದನ್ನು ಪಾಲಿಸುವುದೇ ಬುದ್ಧಿವಂತಿಕೆ.

ಇಳಿಯುವಾಗಿನ ಮಾತನ್ನೂ ಸೇರಿಸಬೇಕು. ಸರಪಣಿ ಹಿಂದಿನ ಗಾಲಿಗೆ. ದಿಕ್ಕು ತಿರುಗಿಸುವುದು ಮುಂದಿನ ಗಾಲಿ. ಸಾಮಾನು ಇಳಿಸಿದ ಲಾರಿ ಹಿಂದೆ ಹಗುರಾಗಿರುತ್ತದೆ, ಹಗುರಾದ ಗಾಲಿಗೆ ಹಿಡಿತ ಕಡಿಮೆ. ಹತ್ತುವಾಗ ಸಿಕ್ಕಿಕೊಂಡ ಲಾರಿ ಹೆಚ್ಚೆಂದರೆ ನಿಂತುಬಿಟ್ಟೀತು. ಇಳಿಯುವಾಗ ಜಾರಿದ ಲಾರಿ ನಿಲ್ಲುವುದು ತೋಡಿನಲ್ಲಿ. ಮಳೆ ಬರುತ್ತಿರುವಾಗ ಖಾಲಿ ಲಾರಿಯನ್ನು ಅವಸರದಲ್ಲಿ ಹಿಂದಕ್ಕೆ ಕಳುಹಿಸಬಾರದು. ಅಂಗಳದ ಬದಿಯಲ್ಲಿ ಒಂದು ರಾತ್ರಿ ಅದು ನಿಂತರೆ, ಬಂದವರಿಗೆ ಒಂದು ಊಟ ಹೆಚ್ಚು ಬಡಿಸಿದರೆ, ಯಾರ ಗಂಟೂ ಹೋಗುವುದಿಲ್ಲ.

ಇಲ್ಲಿಗೆ ಮಾತು ನಮ್ಮ ಮನೆಗೇ ಬಂದಂತಾಯಿತು. ನಮ್ಮಲ್ಲಿ ಲಾರಿ ನಡೆಸುವವರು ಕೆಲವರು, ಕರೆಸುವವರು ಬಹಳ ಮಂದಿ. ಕೆಂಪುಕಲ್ಲು, ಜಲ್ಲಿ, ಹಟ್ಟಿಗೊಬ್ಬರ, ಸುಣ್ಣ ಎಲ್ಲಕ್ಕೂ ಲಾರಿ ಬೇಕು. ಟಾರು ರಸ್ತೆಯ ಬದಿಯಲ್ಲಿ ಲಾರಿ ನಿಲ್ಲಿಸಿ ಡ್ರೈವರು ಹೇಳುತ್ತಾನೆ: "ಚಡಾವು ಜಾರ್ತದೆ ಅಣ್ಣ, ಇಲ್ಲಿಯೇ ಇಳಿಸ್ತೇನೆ." ಯಜಮಾನರು ಹೇಳುತ್ತಾರೆ: "ಇಷ್ಟು ದೂರ ಬಂದದ್ದು, ಇನ್ನು ಎಷ್ಟುಂಟು ಮಾರಾಯ್ರೆ, ಅಂಗಳಕ್ಕೇ ತಂದುಬಿಡಿ." ಲಾರಿಯನ್ನು ಚಡಾವಿಗೆ ಏರಿಸುವುದು ಎಷ್ಟೋ ಸಲ ಈ ಒಂದು ಮಾತೇ. ಬಾಡಿಗೆ ಕೊಡುವವರ ಮಾತನ್ನು ತಳ್ಳಿಹಾಕುವುದು ಡ್ರೈವರಿಗೆ ಸುಲಭವಲ್ಲ, ಡ್ರೈವರ ಮಾತನ್ನು ತಳ್ಳಿಹಾಕುವುದು ಕ್ಲೀನರಿಗೆ ಆಗುವುದೇ ಇಲ್ಲ. ಹಾಗಾಗಿ ಬೇಡವೆನ್ನುವ ಅಧಿಕಾರ ಇರುವುದು ನಮ್ಮ ಕೈಯಲ್ಲೇ.

ಅದನ್ನು ಉಪಯೋಗಿಸುವ ಬಗೆ ಕಷ್ಟದ್ದಲ್ಲ. ಪತ್ತನಾಜೆಗೆ ಗೆಜ್ಜೆ ಬಿಚ್ಚಿ ಬಯಲಾಟ ನಿಲ್ಲಿಸುವ ಪದ್ಧತಿ ನಮ್ಮಲ್ಲಿದೆ. ಭಾರದ ಸಾಮಾನು ತರಿಸುವುದನ್ನೂ ಆ ದಿನದೊಳಗೆ ಮುಗಿಸುವ ಪದ್ಧತಿ ಇಟ್ಟುಕೊಳ್ಳಬಹುದು. ಜೀಪು ಇದ್ದವರು ಅದೇ ದಿನ ಸರಪಣಿಯನ್ನು ಅಟ್ಟದಿಂದ ಇಳಿಸಿ, ಮಣ್ಣು ತೊಳೆದು, ಎಣ್ಣೆ ಹಚ್ಚಿ, ಗಾಲಿಗೆ ಒಮ್ಮೆ ಹಾಕಿ ನೋಡಬಹುದು. ಮಳೆಯಲ್ಲಿ, ಕತ್ತಲೆಯಲ್ಲಿ, ಮನೆಯೊಳಗೆ ಕಾಯಿಲೆಯವರು ಕಾಯುತ್ತಿರುವಾಗ ಕಲಿಯುವ ವಿದ್ಯೆ ಅಲ್ಲ ಅದು. ದಾರಿಯ ಬದಿಯ ಕಣಿಯನ್ನು ಮಳೆಗೆ ಮುಂಚೆ ಕೆತ್ತಿ ನೀರು ದಾರಿಗೆ ಬಾರದಂತೆ ಮಾಡಿದರೆ ಸರಪಣಿಯ ಕೆಲಸ ಅರ್ಧ ಕಡಿಮೆಯಾಗುತ್ತದೆ. ಮಳೆಯ ನಡುವೆ ಸಾಮಾನು ಬೇಕೇಬೇಕಾದರೆ ಟಾರು ರಸ್ತೆಯ ಬದಿಯಲ್ಲಿ ಇಳಿಸಿಕೊಂಡು, ಸರಪಣಿ ಕಟ್ಟಿದ ಜೀಪಿನಲ್ಲಿ ಸ್ವಲ್ಪ ಸ್ವಲ್ಪವಾಗಿ ತರಿಸಬಹುದು. ನಾಲ್ಕು ಮನೆಯವರು ಸೇರಿ ಚಡಾವಿನ ಬುಡದಲ್ಲಿ ಒಂದು ಲಾರಿ ನಿಲ್ಲುವಷ್ಟು ಜಾಗವನ್ನು ಕಲ್ಲು ಹಾಸಿ ಗಟ್ಟಿ ಮಾಡಿಕೊಂಡರೆ, ಕೊಲರಾಡೊದ ಹೆದ್ದಾರಿಯಲ್ಲಿರುವ ಏರ್ಪಾಟು ನಮ್ಮ ಊರಿಗೂ ಬಂದಂತಾಯಿತು.

ಸರಪಣಿ ತೊಟ್ಟ ಭಾರದ ಲಾರಿ ಒಮ್ಮೆ ಹತ್ತಿ ಇಳಿದರೆ ಮಣ್ಣಿನ ದಾರಿ ಉತ್ತ ಗದ್ದೆಯಂತಾಗುತ್ತದೆ ಎಂಬುದೂ ನೆನಪಿರಲಿ. ಮರುದಿನ ಬೆಳಗ್ಗೆ ಅದೇ ದಾರಿಯಲ್ಲಿ ಶಾಲೆಯ ಮಕ್ಕಳು ನಡೆಯಬೇಕು, ಹಾಲಿನ ಕ್ಯಾನು ಕಟ್ಟಿಕೊಂಡ ಬೈಕು ಸೊಸೈಟಿಗೆ ಹೋಗಬೇಕು. ದಾರಿ ಒಬ್ಬರದಲ್ಲ. ಸರಪಣಿ ಅಗತ್ಯಕ್ಕೆ ಇರುವ ಸಾಧನ. ನಾಲ್ಕು ದಿನ ಕಾಯಬಹುದಾದ ಕೆಂಪುಕಲ್ಲಿಗೆ ಅದನ್ನು ತೊಡಿಸಬೇಕಾಗಿಲ್ಲ.

ಈ ಸಲ ಮಳೆ ಹಿಡಿದಾಗ ನಿಮ್ಮ ಚಡಾವಿನ ಬುಡಕ್ಕೆ ಒಂದು ಲಾರಿ ಬಂದು ನಿಂತರೆ, ಹಿಂದಿನ ಎರಡು ಮಗ್ಗುಲಿನ ಗಾಲಿಗಳನ್ನೂ ಒಮ್ಮೆ ನೋಡಿ. ಸರಪಣಿ ಇಲ್ಲದಿದ್ದರೆ, "ಅಲ್ಲಿಯೇ ಇಳಿಸಿ, ಸಾಕು" ಎನ್ನಿ. ಕಲ್ಲು ಹಿಡಿದು ಹಿಂದೆ ನಿಂತ ಹುಡುಗ ಆ ಮಾತಿಗೆ ಕಾಯುತ್ತಿರುತ್ತಾನೆ.